ಸ್ಪೋರ್ಟ್ಸ್ ಕಾರನ್ನ ಲೋ ಮಾಡ್ಸಿದ್ರೆ ಹ್ಯಾಂಡ್ಲಿಂಗ್ ಹಾಳಾಗದಂಗೆ ಹೇಗೆ ನೋಡ್ಕೊಳ್ಳೋದು?

20ರಿಂದ 30 ಮಿಲಿಮೀಟರ್ ಅಷ್ಟೇ ಇಳಿಸಿ, ಸ್ವಲ್ಪ ಗಟ್ಟಿ ಸ್ಪ್ರಿಂಗು ಮತ್ತೆ ಅದಕ್ಕೆ ಹೊಂದೋ ಶಾಕ್ ಅಬ್ಸಾರ್ಬರ್ ಎರಡನ್ನೂ ಒಟ್ಟಿಗೇ ಹಾಕ್ಸಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡ್ಸಿ. ಹಳೇ ಸ್ಪ್ರಿಂಗನ್ನೇ ಕಟ್ ಮಾಡ್ಸೋದು ಮಾತ್ರ ಬೇಡವೇ ಬೇಡ.

ಯಾಕಂದ್ರೆ ಕಾರು ತಗ್ಗಿದಾಗ ಚಕ್ರ ಮೇಲೆ ಹೋಗೋಕೆ ಇರೋ ಜಾಗನೂ ಕಡಿಮೆ ಆಗುತ್ತೆ, ಚಾರ್ಮಾಡಿ ಘಾಟಿ ತಿರುವಲ್ಲಿ ಒಂದು ಗುಂಡಿ ಸಿಕ್ತು ಅಂದ್ಕೊಳ್ಳಿ, ಸಸ್ಪೆನ್ಷನ್ ಪೂರ್ತಿ ಕುಗ್ಗಿ ಬಂಪ್ ಸ್ಟಾಪ್‌ಗೆ, ಅಂದ್ರೆ ತುದೀಲಿರೋ ರಬ್ಬರ್ ತುಂಡಿಗೆ ಹೊಡೆಯುತ್ತೆ, ಆ ಕ್ಷಣ ಅದು ಕಲ್ಲಿನಂಗೆ ಗಟ್ಟಿಯಾಗಿ ಟೈರು ಗ್ರಿಪ್ ಬಿಟ್ಬಿಡುತ್ತೆ. ತಿರುವಿನ ಮಧ್ಯೆ ಇದಾಗೋದು ನಿಜಕ್ಕೂ ಅಪಾಯ.

ಇನ್ನು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಸ್ಪ್ರಿಂಗು ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಂಗೆ ಸೇರಿರೋ ಸಸ್ಪೆನ್ಷನ್ ಇರೋ ಕಾರನ್ನ ವಿಪರೀತ ಇಳಿಸಿದ್ರೆ ಚಕ್ರನ ಬಾಡಿಗೆ ಜೋಡಿಸೋ ಕೆಳಗಿನ ಕಂಟ್ರೋಲ್ ಆರ್ಮ್ ಚಕ್ರದ ಕಡೆ ಮೇಲಕ್ಕೆ ಎದ್ದು ನಿಲ್ಲುತ್ತೆ, ಆಗ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಆ ರೋಲ್ ಸೆಂಟರ್ ಕಾರಿನ ತೂಕದ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಇಳಿದು ತಗ್ಗಿರೋ ಕಾರೇ ಜಾಸ್ತಿ ವಾಲೋಕೆ ನೋಡುತ್ತೆ, ಅದಕ್ಕೇ ಗಟ್ಟಿ ಸ್ಪ್ರಿಂಗ್ ಬೇಕು ಅನ್ನೋದು.

ನಮ್ಮ ಚಿಕ್ಕಮಗಳೂರು ಎಸ್ಟೇಟ್ ರಸ್ತೆಗಳಿಗೆ 20 ಮಿಲಿಮೀಟರೇ ಸಾಕು ಅಂತೀನಿ.