56 ಪರ್ಸೆಂಟಿಗೆ ಎಂ.ಎಸ್ಸಿ ನರ್ಸಿಂಗ್ ಸೀಟು ಸಿಕ್ಕೀತೇ?

ಪ್ರಶ್ನೆ: ಅಕ್ಕೋರೇ, ನಾನು ರೋಣ ತಾಲ್ಲೂಕಿನವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬಿ.ಎಸ್ಸಿ ನರ್ಸಿಂಗ್ ಮೊದಲ ವರ್ಷ ಅನಾಟಮಿಯಲ್ಲಿ ಫೇಲಾಗಿ ಸಪ್ಲಿಮೆಂಟರಿಯಲ್ಲಿ ಪಾಸಾದೆ. ನಾಲ್ಕೂ ವರ್ಷ ಸೇರಿ 56 ಪರ್ಸೆಂಟ್. ಎರಡು ವರ್ಷದಿಂದ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ಎಂ.ಎಸ್ಸಿ ಮಾಡುವ ಆಸೆ. ‘ಈ ಮಾರ್ಕ್ಸಿಗೆ ಯಾರ್ ಸೀಟು ಕೊಡ್ತಾರ?’ ಅನ್ನುತ್ತಾರೆ ಜೊತೆಯವರು. ಅಮೆರಿಕದಲ್ಲಿರುವ ಸೀನಿಯರ್ ಒಬ್ಬರು ‘ಇಲ್ಲಿ ಜಿಪಿಎ (4ಕ್ಕೆ ಎಣಿಸುವ ಸರಾಸರಿ ಗ್ರೇಡು) 3 ಕೇಳ್ತಾರ, ನಿಂದು 2.2 ಆಗ್ತದ’ ಅಂದರು. ಆಸೆ ಬಿಟ್ಟುಬಿಡಲೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಬಿಡಬೇಡ ತಂಗಿ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಎಂ.ಎಸ್ಸಿಗೆ ಬೇಕಾದದ್ದು ಬಿ.ಎಸ್ಸಿಯಲ್ಲಿ ಒಟ್ಟು 55 ಪರ್ಸೆಂಟ್, ನರ್ಸ್ ಮತ್ತು ಸೂಲಗಿತ್ತಿಯಾಗಿ ನೋಂದಣಿ, ಪದವಿಯ ನಂತರ ಒಂದು ವರ್ಷದ ಕೆಲಸ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂಕದಲ್ಲಿ 5 ಪರ್ಸೆಂಟ್ ವಿನಾಯಿತಿಯೂ ಇದೆ. ನೀನು ಗೆರೆಯ ಈಚೆಗೇ ಇದ್ದೀ. ಸಪ್ಲಿಮೆಂಟರಿಯಲ್ಲಿ ಪಾಸಾದದ್ದಕ್ಕೆ ನಾಚಿಕೆ ಪಡಬೇಡ.

ಧಾರವಾಡದಲ್ಲಿ ಪಾಠ ಮಾಡಿದವಳಾಗಿ ಈ ಮೊದಲ ವರ್ಷದ ಪೆಟ್ಟನ್ನು ಹತ್ತಿರದಿಂದ ಕಂಡಿದ್ದೇನೆ. ಗದಗ, ಹಾವೇರಿ ಕಡೆಯಿಂದ ಬಂದ ಹುಡುಗಿಯರು ಎಲುಬನ್ನು ಕೈಯಲ್ಲಿ ಹಿಡಿದು ಯಾವ ಸ್ನಾಯು ಎಲ್ಲಿ ಕೂಡುತ್ತದೆಂದು ಬೆರಳಿಟ್ಟು ತೋರಿಸುತ್ತಿದ್ದರು. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಎರಡು ಸಾಲಿಗೆ ಪೆನ್ನು ನಿಲ್ಲುತ್ತಿತ್ತು. ಆ ಅಂಕಪಟ್ಟಿ ನೋಡಿ ಇವರಿಗೆ ನರ್ಸಿಂಗ್ ಬರುವುದಿಲ್ಲ ಎನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಇನ್ನು ಮುಂದಿನದು ಪ್ರವೇಶ ಪರೀಕ್ಷೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆ ನೋಡುತ್ತಿರು. ಕೋಚಿಂಗಿಗೆಂದು ಕೆಲಸ ಬಿಡಬೇಡ. ವೆಂಟಿಲೇಟರಿನ ರೋಗಿಯ ಆಮ್ಲಜನಕ ಇಳಿದಾಗ ಮೊದಲು ಏನು ನೋಡುತ್ತೀ? ರೋಗಿಯನ್ನೇ ನೋಡುತ್ತೀ. ಟ್ಯೂಬ್ ಸರಿದಿದೆಯೇ, ಕಫ ಕಟ್ಟಿದೆಯೇ, ಎದೆ ಎರಡೂ ಕಡೆ ಏರುತ್ತಿದೆಯೇ ಅಂತ. ಅದೇ ರಾತ್ರಿ ರೂಮಿಗೆ ಬಂದು ಪುಸ್ತಕದ ಆ ಅಧ್ಯಾಯ ತೆಗೆ, ಹಾಗೇಕಾಯಿತೆಂದು ನಿನ್ನದೇ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆ. ಓದಿನ ಜೊತೆ ಭಾಷೆಯೂ ಹದಕ್ಕೆ ಬರುತ್ತದೆ.

ವಿಷಯ ಆರಿಸುವಾಗ ನಿನಗೆ ಮೆಡಿಕಲ್ ಸರ್ಜಿಕಲ್ ಸಹಜ. ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನೂ ವಿಚಾರಿಸು. ಅದಕ್ಕೆ ತೀವ್ರ ನಿಗಾ ಘಟಕದ (ಐಸಿಯು) ಅನುಭವ ಇದ್ದವರಿಗೆ ಆದ್ಯತೆ, ನಿನ್ನ ಹತ್ತಿರ ಅದಿದೆ.

ಅಮೆರಿಕದ ಮಾತು. ಅಲ್ಲಿ ಬಹಳ ಕಾಲೇಜುಗಳು ಜಿಪಿಎ 3 ಕೇಳುವುದು ನಿಜ. ಆದರೆ 56ನ್ನು 25ರಿಂದ ಭಾಗಿಸಿ 2.2 ಅನ್ನುವ ಲೆಕ್ಕ ತಪ್ಪು. ಹೊರದೇಶದ ಪದವಿಗಳನ್ನು ಅಳೆಯುವ ಮೌಲ್ಯಮಾಪನ ಸಂಸ್ಥೆಗಳು ನಮ್ಮ ಅಂಕಗಳನ್ನು ವಿಷಯವಾರು ನೋಡಿ ಅಲ್ಲಿನ ಗ್ರೇಡಿಗೆ ಹೊಂದಿಸುತ್ತವೆ. ನಮ್ಮಲ್ಲಿ 60ಕ್ಕೆ ಫಸ್ಟ್ ಕ್ಲಾಸ್ ಎಂಬುದು ಅವುಗಳಿಗೆ ಗೊತ್ತು. ಅಲ್ಲಿ ನರ್ಸಾಗಿ ದುಡಿಯಲು ಎನ್‌ಸಿಎಲ್‌ಇಎಕ್ಸ್ ಪರೀಕ್ಷೆ ಪಾಸಾಗಬೇಕು, ಅದು ಬೇರೆಯೇ ತಯಾರಿ.

ಈ ವಾರವೇ ಆಸ್ಪತ್ರೆಗೆ ಅರ್ಜಿ ಕೊಟ್ಟು ಅನುಭವ ಪ್ರಮಾಣಪತ್ರ ತೆಗೆದುಕೊ. ‘ಸ್ಟಾಫ್ ನರ್ಸ್’ ಎಂದಷ್ಟೇ ಬರೆದರೆ ಸಾಲದು. ಐಸಿಯು ಎಂದೂ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದೂ ಇರಲಿ.