ಬೆಳ್ಳಿ, ಚಿನ್ನದ ಪದರಗಳಲ್ಲಿ ಪ್ರೋಟೀನಿನ ಗುರುತು

ಪ್ರಶ್ನೆ: ಪದರ ಪದರವಾಗಿ ಕಟ್ಟಿದ ಲೋಹದ ನ್ಯಾನೋರಚನೆಗಳ ಮೇಲೆ ಲೇಸರ್ ಬಿಟ್ಟು ಪ್ರೋಟೀನನ್ನು ಗುರುತಿಸುತ್ತಾರೆಂದು ಓದಿದೆ. ಪದರಗಳೇಕೆ ಬೇಕು, ಬರಿಯ ಬೆಳ್ಳಿ ಸಾಲದೆ? ನಮ್ಮಲ್ಲಿ ಮಳೆಗಾಲ ಮುಗಿಯುವುದರೊಳಗೆ ಪೀಚೆಕತ್ತಿಯ (ಕೊಡವರ ಸಾಂಪ್ರದಾಯಿಕ ಕಿರುಗತ್ತಿ) ಒರೆಯ ಬೆಳ್ಳಿಯೇ ಕಪ್ಪಿಡುತ್ತದಲ್ಲ?
– ವಿಜ್ಞಾನ ಶಿಕ್ಷಕಿ, ವಿರಾಜಪೇಟೆ

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ, ಆದರೆ ಕಪ್ಪಿಡುವುದು ಅರ್ಧ ಕಾರಣ ಮಾತ್ರ.

1928ರಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡ ಪರಿಣಾಮದಲ್ಲಿ, ಚದುರಿದ ಬೆಳಕಿನ ಅತ್ಯಲ್ಪ ಪಾಲು ಅಣುವಿನ ಕಂಪನಕ್ಕೆ ತಕ್ಕಂತೆ ತರಂಗಾಂತರ ಬದಲಿಸಿಕೊಳ್ಳುತ್ತದೆ. ಈ ಕ್ಷೀಣ ಸಂಕೇತವು ಒರಟು ಬೆಳ್ಳಿಯ ಮೇಲೆ ಬಹಳ ಬಲಗೊಳ್ಳುವುದು 1974ರಲ್ಲಿ ಪಿರಿಡೀನ್ ಅಣುಗಳ ಪ್ರಯೋಗದಲ್ಲಿ ಕಂಡುಬಂತು. ಲೋಹದ ಎಲೆಕ್ಟ್ರಾನುಗಳು ಬೆಳಕಿನೊಡನೆ ಒಟ್ಟಾಗಿ ಓಲಾಡಿ, ಚೂಪು ತುದಿಗಳಲ್ಲಿಯೂ ಕಿರುಸಂದುಗಳಲ್ಲಿಯೂ ವಿದ್ಯುತ್‌ಕ್ಷೇತ್ರವನ್ನು ಸಾಂದ್ರಗೊಳಿಸುತ್ತವೆ. ಒಳಬರುವ ಬೆಳಕು, ಹೊರಹೋಗುವ ಬೆಳಕು ಎರಡೂ ಹೀಗೆ ಹೆಚ್ಚುವುದರಿಂದ, ಕ್ಷೇತ್ರ 10 ಪಟ್ಟಾದರೆ ಸಂಕೇತ ಸುಮಾರು 10,000 ಪಟ್ಟಾಗುತ್ತದೆ.

ಕಣಗಳು ತಾವಾಗಿ ಗುಂಪುಗೂಡಿದಾಗ ಅವುಗಳ ನಡುವಿನ ಸಂದು ಒಂದೊಂದೆಡೆ ಒಂದೊಂದು ಬಗೆ. ಎರಡು ಲೋಹಪದರಗಳ ನಡುವೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡನ್ನು ಇಟ್ಟರೆ ಆ ಅಂತರವನ್ನು ತಯಾರಿಸುವವರೇ ನಿಗದಿಪಡಿಸಬಹುದು. ಬೆಳ್ಳಿ ಚಿನ್ನಕ್ಕಿಂತ ಚೆನ್ನಾಗಿ ಸಂಕೇತವನ್ನು ವರ್ಧಿಸುತ್ತದೆ, ಆದರೆ ಗಾಳಿಯಲ್ಲಿನ ಗಂಧಕದ ಸಂಯುಕ್ತಗಳೊಡನೆ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ನಿಮ್ಮ ಒರೆಯ ಕಪ್ಪೂ ಅದೇ, ತೇವ ಅದಕ್ಕೆ ಇಂಬು ಕೊಡುತ್ತದೆ. ಅದಕ್ಕೇ ಮೇಲೊಂದು ತೆಳು ಚಿನ್ನದ ಹೊದಿಕೆ. ಅದು ದಪ್ಪವಾದಷ್ಟೂ ಬೆಳ್ಳಿಯಿಂದ ಸಿಗುವ ಲಾಭ ಕರಗುತ್ತದೆ.

ನಿಜವಾದ ತೊಡಕು ಪ್ರೋಟೀನಿನದೇ. ಅದರ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲದ ಘಟಕ ಪ್ರತಿ ಸೆಂಟಿಮೀಟರಿಗೆ ಸುಮಾರು 1003 ತರಂಗಸಂಖ್ಯೆಯಲ್ಲಿ (ಚದುರಿದ ಬೆಳಕು ಎಷ್ಟು ಬದಲಾಯಿತೆಂಬುದರ ಅಳತೆ) ಚೂಪಾದ ಗೆರೆಯನ್ನೂ, ಅಮೈನೋ ಆಮ್ಲಗಳನ್ನು ಬೆಸೆಯುವ ಅಮೈಡ್ ಬಂಧಗಳು 1650ರ ಆಸುಪಾಸಿನಲ್ಲಿ ಅಗಲವಾದ ಪಟ್ಟಿಯನ್ನೂ ಕೊಡುತ್ತವೆ. ಆದರೆ ವರ್ಧನೆ ಲೋಹದಿಂದ ಕೆಲವೇ ನ್ಯಾನೋಮೀಟರ್ ದೂರದೊಳಗೆ ಕುಸಿಯುವುದರಿಂದ, ಸುಮಾರು 10 ನ್ಯಾನೋಮೀಟರ್ ಗಾತ್ರದ ಪ್ರತಿಕಾಯದಂಥ (ನಿರ್ದಿಷ್ಟ ಅಣುವಿಗೇ ಅಂಟಿಕೊಳ್ಳುವ ಪ್ರೋಟೀನ್) ಅಣುವಿನಲ್ಲಿ ಲೋಹಕ್ಕೆ ತಾಗಿದ ಮಗ್ಗುಲಷ್ಟೇ ಸ್ಪಷ್ಟವಾಗಿ ದಾಖಲಾಗುತ್ತದೆ. ಅಣು ಮಗ್ಗುಲು ಬದಲಿಸಿದರೆ ರೋಹಿತವೂ, ಅಂದರೆ ಈ ಗೆರೆ-ಪಟ್ಟಿಗಳ ವಿನ್ಯಾಸವೂ, ಬದಲಾಗುತ್ತದೆ. ಕೆಲವು ಪ್ರೋಟೀನುಗಳು ಲೋಹ ತಾಗಿದೊಡನೆ ತಮ್ಮ ಮಡಿಕೆಯನ್ನೇ ಬಿಚ್ಚಿಕೊಳ್ಳುತ್ತವೆ. ರಕ್ತದ ಮಾದರಿಯಲ್ಲಂತೂ ಯಥೇಚ್ಛವಾಗಿರುವ ಆಲ್ಬುಮಿನ್ ಮೊದಲೇ ಜಾಗ ಹಿಡಿದುಬಿಡುತ್ತದೆ.

ಆದ್ದರಿಂದ ರೋಗಸೂಚಕ ಪ್ರೋಟೀನಿನ ಪತ್ತೆಗೆ, ಚಿನ್ನದ ಮೇಲೆ ಪ್ರತಿಕಾಯವನ್ನು ಕೂರಿಸಿ, ಬಣ್ಣದ ಅಣುವನ್ನು ಹೊತ್ತ ಕಣವನ್ನು ಎರಡನೆಯ ಪ್ರತಿಕಾಯದ ಮೂಲಕ ಅಂಟಿಸಿ, ಆ ಬಣ್ಣದ ಸಂಕೇತವನ್ನು ಅಳೆಯುವ ಬಳಸುದಾರಿಯೇ ಹೆಚ್ಚು ನಂಬಲರ್ಹವೆಂದು ನನ್ನ ಅಭಿಪ್ರಾಯ. ಅದು ಪ್ರೋಟೀನಿನ ರಚನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ಕೊಡಗಿನ ಮಳೆಗಾಲದಲ್ಲಿ ಹೊದಿಕೆಯಿಲ್ಲದ ಬೆಳ್ಳಿಯ ಫಲಕ ಬಳಸುವವರು ಅದನ್ನು ಗಾಳಿಯಾಡದ ಪೊಟ್ಟಣದಲ್ಲಿಟ್ಟು, ತೆರೆದ ಕೂಡಲೇ ಬಳಸುವುದು ಒಳ್ಳೆಯದು.