ಅಜ್ಜನ ಅಂಬಾಸಿಡರ್: ಎಂಜಿನ್ ಅದರದ್ದೇನಾ, ವೈರಿಂಗ್ ಕಿತ್ತು ಹಾಕಿಸಲಾ?

ನೀವು ಕೇಳಿದ್ದು ಇಷ್ಟು. ಮೂಡಿಗೆರೆ ಹತ್ತಿರ ತೋಟದ ಶೆಡ್ಡಿನಲ್ಲಿ ಅಜ್ಜನ 1964ರ ಅಂಬಾಸಿಡರ್ ಮಾರ್ಕ್ 2 ನಿಂತಿದೆ. ಇಪ್ಪತ್ತು ವರ್ಷದಿಂದ ಓಡಿಲ್ಲ. ಒಳಗಿರುವ ಎಂಜಿನ್ ಆ ಗಾಡಿಯದ್ದೇ ಹೌದಾ ಅಂತ ಅನುಮಾನ. ಬಾನೆಟ್ ಎತ್ತಿದರೆ ವೈರುಗಳ ಗೋಜಲು. ನೋಡಲು ಬಂದ ಮೆಕ್ಯಾನಿಕ್ "ಎಲ್ಲ ಕಿತ್ತು ಹೊಸದಾಗಿ ಎಳೆಯೋಣ" ಅಂದಿದ್ದಾರೆ. ಕೀಳಿಸಲಾ, ಬೇಡವಾ?

ಬೇಡ. ಸದ್ಯಕ್ಕಂತೂ ಒಂದು ವೈರನ್ನೂ ಕತ್ತರಿಸಲು ಬಿಡಬೇಡಿ.

ನಾನು ಮೆಕ್ಯಾನಿಕ್ ಅಲ್ಲ. ಸಕಲೇಶಪುರದ ಕಡೆ ಸ್ವಲ್ಪ ಕಾಫಿ ಇದೆ. ಅಪ್ಪನ ಅಂಬಾಸಿಡರ್ ಇತ್ತು, ನಿಮ್ಮದರ ಥರದ್ದೇ. ಅದನ್ನು ಎದ್ದು ನಿಲ್ಲಿಸಲು ಹೋಗಿ ನಾನು ಮೊದಲು ಮಾಡಿದ್ದೇ ಈ ತಪ್ಪು. ಒಂದು ವರ್ಕ್‌ಶಾಪಿನಲ್ಲಿ ಬಿಟ್ಟೆ. ಎರಡೇ ದಿನದಲ್ಲಿ ಹಳೆ ವೈರಿಂಗ್ ಪೂರ್ತಿ ಹೊರಗೆ. ಹೊಸದು ಹಾಕಿದರು, ಅಂಗಡಿಯಲ್ಲಿ ಯಾವ ಸುರುಳಿ ಇತ್ತೋ ಅದನ್ನೇ. ಅಂದರೆ ಎಲ್ಲವೂ ಕೆಂಪು. ಲೈಟ್ ಹತ್ತಿತು, ಹಾರ್ನ್ ಕೂಗಿತು, ನಾನೂ ಖುಷಿಯಾಗಿ ದುಡ್ಡು ಕೊಟ್ಟು ಬಂದೆ. ಅದೇ ಆಷಾಢದಲ್ಲಿ ಒಂದು ರಾತ್ರಿ ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ದಾಟಿದ ಮೇಲೆ, ಹೆಡ್‌ಲೈಟ್ ಎರಡೂ ಹೋದವು. ಮಳೆ ಹೊಯ್ಯುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ಕೆಂಪು, ಕೆಂಪು, ಕೆಂಪು. ಲೈಟಿಗೆ ಹೋಗುವ ವೈರ್ ಯಾವುದು ಅಂತ ಹೇಳಲು ಯಾರಿಗೂ ಆಗಲಿಲ್ಲ. ಬೆಳಗಾಗುವವರೆಗೆ ಲಾರಿಗಳ ಸಾಲಿನ ಹಿಂದೆ ಗಾಡಿಯಲ್ಲೇ ಕೂತಿದ್ದೆವು. ಮರುದಿನ ಹಳೆ ವೈರಿಂಗ್ ಕೇಳಿದರೆ ಅದು ಗುಜರಿಗೆ ಹೋಗಿತ್ತು.

ನಿಮ್ಮ ಗಾಡಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದದ್ದು. ಹಾಗಾಗಿ ಅದರ ವೈರುಗಳ ಬಣ್ಣವೂ ಲೂಕಾಸ್ ಪದ್ಧತಿಯದ್ದು (ಲೂಕಾಸ್ ಅಂದರೆ ಗಾಡಿಗಳ ಎಲೆಕ್ಟ್ರಿಕ್ ಸಾಮಾನು ಮಾಡುತ್ತಿದ್ದ ಇಂಗ್ಲೆಂಡಿನ ಕಂಪನಿ). ಅಲ್ಲಿ ಬಣ್ಣ ಚಂದಕ್ಕೆ ಹಾಕಿದ್ದಲ್ಲ. ಕಂದು ಅಂದರೆ ಬ್ಯಾಟರಿಯಿಂದ ನೇರ ಬಂದದ್ದು, ಫ್ಯೂಸ್ ಇಲ್ಲ. ಬಿಳಿ ಅಂದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್, ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ಗೆ ಹೋಗುವುದು ಇದೇ. ಅದೇ ಬಿಳಿ ಫ್ಯೂಸ್ ದಾಟಿದ ಮೇಲೆ ಹಸಿರಾಗುತ್ತದೆ: ಇಂಡಿಕೇಟರ್, ಬ್ರೇಕ್ ಲೈಟ್, ವೈಪರ್ ಇತ್ಯಾದಿ. ಕೀ ಇಲ್ಲದೆಯೂ ಫ್ಯೂಸ್ ಮೂಲಕ ಕರೆಂಟ್ ಇರುವುದು ನೇರಳೆ. ಕೆಂಪು ಪಾರ್ಕಿಂಗ್ ಮತ್ತು ಟೇಲ್ ಲೈಟಿಗೆ. ನೀಲಿ ಹೆಡ್‌ಲೈಟಿಗೆ, ಡಿಪ್ ಸ್ವಿಚ್ಚಿನ ಆಚೆ ನೀಲಿ ಮೇಲೆ ಬಿಳಿ ಗೆರೆ ಇದ್ದರೆ ಬ್ರೈಟ್, ಕೆಂಪು ಗೆರೆ ಇದ್ದರೆ ಡಿಮ್. ಕಪ್ಪು ಅರ್ಥ್, ಅಂದರೆ ಗಾಡಿಯ ಲೋಹದ ಮೈಗೆ ಸೇರುವ ವೈರು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದಿಂದ ಬರುವ ಎರಡು ವೈರು ಹಳೆಯ ಗಾಡಿಗಳಲ್ಲಿ ಹಳದಿ ಮತ್ತು ಹಳದಿ-ಹಸಿರು. ಆಮೇಲೆ ಅವು ಕಂದು-ಹಳದಿ ಮತ್ತು ಕಂದು-ಹಸಿರು ಆದವು. ಇಷ್ಟು ತಲೆಯಲ್ಲಿದ್ದರೆ ಆ ಗೋಜಲು ಅರ್ಧ ಬಿಡಿಸಿದ ಹಾಗೆ.

"ನಮ್ಮದರಲ್ಲಿ ಬಣ್ಣವೇ ಇಲ್ಲ, ಎಲ್ಲ ಮಣ್ಣಿನ ಬಣ್ಣ" ಅನ್ನುತ್ತೀರಿ, ಗೊತ್ತು. ಎಂಜಿನ್ ಕಡೆ ಹಾಗೇ ಇರುತ್ತದೆ. ಎಣ್ಣೆ, ಬಿಸಿ, ನಮ್ಮ ಮಲೆನಾಡಿನ ಥಂಡಿ ಸೇರಿ ಕಂದು, ಕೆಂಪು, ನೇರಳೆ ಮೂರೂ ಒಂದೇ ಥರ ಕಾಣುತ್ತವೆ. ಅಲ್ಲಿ ನೋಡಬೇಡಿ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ. ವೈರುಗಳ ಕಟ್ಟಿಗೆ ಸುತ್ತಿದ ಬಟ್ಟೆಯನ್ನು ಮಧ್ಯದಲ್ಲಿ ಒಂದು ಗೇಣು ಬಿಚ್ಚಿ. ಬಿಸಿಲು, ಎಣ್ಣೆ ತಾಗದ ಆ ಜಾಗದಲ್ಲಿ ಬಣ್ಣ ಇನ್ನೂ ಉಳಿದಿರುತ್ತದೆ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಪೆಟ್ರೋಲ್ ಹಾಕಿ ಉಜ್ಜಬೇಡಿ, ಬಣ್ಣವೂ ಅದರ ಜೊತೆಗೇ ಬರುತ್ತದೆ.

ಮೂಲ ವೈರ್ ಯಾವುದು, ಆಮೇಲೆ ಸೇರಿಸಿದ್ದು ಯಾವುದು ಅಂತ ತಿಳಿಯಲು ನಾನು ನೋಡುವುದು ಜಾಯಿಂಟ್. ಫ್ಯಾಕ್ಟರಿಯಲ್ಲಿ ಎರಡು ವೈರ್ ಸೇರಿಸುವುದು ಬುಲೆಟ್ ಕನೆಕ್ಟರಿನಲ್ಲಿ: ತುದಿಗೆ ಸಣ್ಣ ಲೋಹದ ಗುಂಡು, ಅದು ರಬ್ಬರ್ ತೋಳಿನೊಳಗೆ ಕೂತಿರುತ್ತದೆ. ತಾಮ್ರ ಹೊಸೆದು ಟೇಪ್ ಸುತ್ತಿದ್ದರೆ ಅದು ಖಂಡಿತ ಆಮೇಲಿನವರ ಕೈಚಳಕ. ಇನ್ನೊಂದು ಗುರುತು ಎಳೆಗಳ ಲೆಕ್ಕ. ಆ ಕಾಲದ ಬ್ರಿಟಿಷ್ ವೈರಿನಲ್ಲಿ 0.012 ಇಂಚಿನ ಎಳೆ 14, 28 ಅಥವಾ 44 ಇರುತ್ತಿದ್ದವು. ಸಾಮಾನ್ಯ ಕೆಲಸಕ್ಕೆ 14, ಹೆಡ್‌ಲೈಟಿನಂಥದ್ದಕ್ಕೆ 28, ಚಾರ್ಜಿಂಗ್‌ಗೆ 44. ತುದಿ ಬಿಚ್ಚಿದ ಕಡೆ ಎಣಿಸಿ ನೋಡಿ. ಹುಚ್ಚಾಟ ಅನ್ನಿಸಬಹುದು. ನನ್ನ ಹೆಂಡತಿಯೂ ಹಾಗೇ ಅಂದಳು. ಆದರೆ ಮನೆ ವೈರಿಂಗಿನ ತುಂಡನ್ನು ಗಾಡಿಗೆ ಹಾಕಿದ್ದು ನನಗೆ ಸಿಕ್ಕಿಬಿದ್ದದ್ದು ಹಾಗೆ ಎಣಿಸುವಾಗಲೇ.

ಫ್ಯೂಸ್ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ, ಇದರಿಂದಲೇ ಗಾಡಿಗಳು ಸುಡುವುದು. ಹಳೆ ಲೂಕಾಸ್ ಗಾಜಿನ ಫ್ಯೂಸ್ ಮೇಲೆ 35 ಆಂಪ್ ಅಂತ ಇದ್ದರೆ ಅದು ಕರಗುವ ಮಟ್ಟ. ಸತತವಾಗಿ ತಡೆಯುವುದು ಸುಮಾರು 17 ಮಾತ್ರ. ಈಗಿನ ಫ್ಯೂಸಿನ ಮೇಲೆ ಬರೆಯುವುದು ಸತತ ತಡೆಯುವ ಲೆಕ್ಕ. ಹಳೆಯದರ ಜಾಗಕ್ಕೆ ಈಗಿನ 35 ಹಾಕಿದರೆ ಫ್ಯೂಸಿಗಿಂತ ಮುಂಚೆ ವೈರೇ ಕರಗುತ್ತದೆ. 15 ಸಾಕು. ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೇಗಡೆ ಇದ್ದರೆ ಅಜ್ಜನ ಡ್ರೈವರನ್ನು ನೆನೆದು ನಕ್ಕು, ತೆಗೆದು ಬಿಸಾಕಿ.

ಈಗ ಎಂಜಿನ್. ನೀವು ಕೇಳಿದ್ದು "ಒರಿಜಿನಲ್ಲಾ" ಅಂತ. ಅದರಲ್ಲಿ ಎರಡು ಪ್ರಶ್ನೆ ಇವೆ. ಈ ಮಾಡೆಲ್ಲಿಗೆ ಸರಿಯಾದ ಎಂಜಿನ್ನಾ ಅನ್ನುವುದು ಒಂದು. ಈ ಗಾಡಿಯ ಜೊತೆಗೇ ಫ್ಯಾಕ್ಟರಿಯಿಂದ ಬಂದದ್ದಾ ಅನ್ನುವುದು ಇನ್ನೊಂದು.

ಮೊದಲನೆಯದು ಸುಲಭ. ನಿಮ್ಮ ಗಾಡಿಯಲ್ಲಿ ಇರಬೇಕಾದದ್ದು ಬಿಎಂಸಿಯ (ಮಾರಿಸ್ ಸೇರಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಪೆಟ್ರೋಲ್ ಎಂಜಿನ್, 1489 ಸಿಸಿ. ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡುವ ಲೆಕ್ಕದಲ್ಲಿ ಕಾರ್ಬುರೇಟರ್, ಇನ್‌ಲೆಟ್, ಸೈಲೆನ್ಸರ್ ಪೈಪ್ ಎಲ್ಲ ಎಡಕ್ಕೆ. ಪ್ಲಗ್, ಡಿಸ್ಟ್ರಿಬ್ಯೂಟರ್, ಡೈನಮೋ ಬಲಕ್ಕೆ. ಪ್ಲಗ್ಗೇ ಇಲ್ಲ, ಇಂಜೆಕ್ಟರ್ ಪೈಪುಗಳಿವೆ ಅಂದರೆ ಅದು ಡೀಸೆಲ್. ಪೆಟ್ರೋಲ್ ದುಬಾರಿ ಅಂತ ಎಷ್ಟೋ ಅಂಬಾಸಿಡರ್‌ಗಳಿಗೆ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದವರಿದ್ದಾರೆ. ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಆದರೆ 1990ರ ದಶಕದ್ದು. ಇವನ್ನು ಗುರುತಿಸಲು ತಜ್ಞರು ಬೇಕಿಲ್ಲ.

ಎರಡನೆಯದು ಕಷ್ಟ. ಏಕೆಂದರೆ 1489 ಸಿಸಿ ಎಂಜಿನ್ ಅಂಬಾಸಿಡರಿನಲ್ಲಿ ದಶಕಗಟ್ಟಲೆ ಬಂತು. 1980ರ ಮಾರ್ಕ್ 4ರ ಎಂಜಿನ್ ತಂದು ನಿಮ್ಮ ಗಾಡಿಗೆ ಇಟ್ಟಿದ್ದರೂ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಇಲ್ಲಿ ಆರ್.ಸಿ. ಪುಸ್ತಕ ಬೇಕು. ಅದರಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಇರುತ್ತವೆ. ಬ್ಲಾಕಿನ ಬಲಗಡೆ, ಡೈನಮೋಗಿಂತ ಮೇಲೆ, ಸೀಮೆಎಣ್ಣೆ ಹಾಕಿ ಒರೆಸಿ ಹುಡುಕಿ. ಬಿಎಂಸಿಯ ಮೂಲ ಬಿ ಸೀರೀಸ್‌ನಲ್ಲಿ ಅಲ್ಲಿ ರಿವೆಟ್ ಹೊಡೆದ ಸಣ್ಣ ತಗಡಿನ ಮೇಲೆ ನಂಬರ್ ಇರುತ್ತಿತ್ತು. ತಗಡು ಇದ್ದರೆ ರಿವೆಟ್ಟನ್ನೂ ನೋಡಿ. ಒಂದು ಎಂಜಿನ್ನಿನ ತಗಡು ಕಿತ್ತು ಇನ್ನೊಂದಕ್ಕೆ ಹೊಡೆಯುವುದು ದೊಡ್ಡ ವಿದ್ಯೆಯೇನಲ್ಲ. ಪೇಂಟ್ ನೋಡಿ ತೀರ್ಮಾನಕ್ಕೆ ಬರಬೇಡಿ, ಓವರ್‌ಹಾಲ್ ಮಾಡಿದವರೆಲ್ಲ ತಮ್ಮ ಇಷ್ಟದ ಬಣ್ಣ ಬಳಿದಿರುತ್ತಾರೆ.

ನಂಬರಿನಷ್ಟೇ ಕೆಲಸಕ್ಕೆ ಬರುವುದು ಎಂಜಿನ್ ಸುತ್ತ ತಗುಲಿಸಿರುವ ಸಾಮಾನು. ಡೈನಮೋ, ಸೆಲ್ಫ್ ಮೋಟಾರ್, ಡಿಸ್ಟ್ರಿಬ್ಯೂಟರ್, ಎಂಜಿನ್ ಹಿಂದಿನ ತಗಡಿನ ಗೋಡೆಗೆ ಕೂರಿಸಿದ ಕಟೌಟ್ (ಡೈನಮೋದ ಚಾರ್ಜನ್ನು ಹಿಡಿತದಲ್ಲಿಡುವ ಪೆಟ್ಟಿಗೆ), ಇವುಗಳ ಮೈಮೇಲೆ ಲೂಕಾಸ್‌ನವರು ಮಾಡೆಲ್ ಹೆಸರಿನ ಜೊತೆ ತಯಾರಾದ ಕಾಲವನ್ನೂ ಒತ್ತುತ್ತಿದ್ದರು. ಕೊನೆಯ ಎರಡು ಅಂಕಿ ವರ್ಷ. ಡೈನಮೋ ಮೇಲೆ 63 ಅಂತ ಸಿಕ್ಕಿದರೆ ಹಬ್ಬ ಮಾಡಿ. 71 ಅಂತ ಇದ್ದರೆ ಅದು ಬದಲಾಯಿಸಿದ್ದು. ಮೇಲೆ "ಲೂಕಾಸ್-ಟಿವಿಎಸ್" ಅಂತ ಇದೆಯಾ, ಬರೀ ಲೂಕಾಸ್ ಅಂತ ಇದೆಯಾ, ಅದನ್ನೂ ಬರೆದಿಟ್ಟುಕೊಳ್ಳಿ. ಲೂಕಾಸ್-ಟಿವಿಎಸ್ ಶುರುವಾದದ್ದೇ 1961ರಲ್ಲಿ. ಹಾಗಾಗಿ 1950ರ ದಶಕದ ಗಾಡಿಯಲ್ಲಿ ಆ ಹೆಸರಿನ ಭಾಗ ಇದ್ದರೆ ಅದು ಮೂಲದ್ದಲ್ಲ ಅಂತ ಕಣ್ಣು ಮುಚ್ಚಿ ಹೇಳಬಹುದು. ನಿಮ್ಮದು 64 ಆದ್ದರಿಂದ ಹೆಸರೊಂದೇ ಸಾಲದು, ಅಂಕಿ ನೋಡಲೇಬೇಕು. ಡೈನಮೋ ಜಾಗದಲ್ಲಿ ಆಲ್ಟರ್ನೇಟರ್ ಇದ್ದರಂತೂ ಕೇಳುವುದೇ ಬೇಡ, ಅದು ಆಮೇಲೆ ಹಾಕಿದ್ದು.

ಬೋಲ್ಟುಗಳೂ ಬಾಯಿಬಿಡುತ್ತವೆ. ಈ ಎಂಜಿನ್ ಇಂಚಿನ ಲೆಕ್ಕದ್ದು. ಬೋಲ್ಟಿನ ತಲೆ ಮೇಲೆ 8.8 ಅಂತ ಇದ್ದರೆ ಅದು ಮಿಲಿಮೀಟರಿನದ್ದು, ಅಂದರೆ ಅಲ್ಲಿ ಯಾರೋ ಆಮೇಲೆ ಕೈಯಾಡಿಸಿದ್ದಾರೆ.

ಯಾರೂ ನೋಡದ ಒಂದು ಜಾಗ ನಿಮ್ಮ ಮನೆಯಲ್ಲೇ ಇದೆ: ತೋಟದ ರೈಟರು ಬರೆದಿಟ್ಟ ಹಳೆ ಲೆಕ್ಕದ ಪುಸ್ತಕಗಳು. ನಮ್ಮಲ್ಲಿ ಅಟ್ಟದ ಮೇಲೆ ಗೊಬ್ಬರದ ಚೀಲದಲ್ಲಿ ಕಟ್ಟಿಟ್ಟಿದ್ದರು, ಅರ್ಧ ಗೆದ್ದಲು ತಿಂದಿತ್ತು. ಉಳಿದ ಅರ್ಧದಲ್ಲಿ, ಕಾಳುಮೆಣಸು ಕುಯ್ದವರ ಬಟವಾಡೆಯ ಕೆಳಗೆ, "ಕಾರಿನ ಎಂಜಿನ್ ಬೋರು, ಪಿಸ್ಟನ್ ಸೆಟ್" ಅಂತ ಒಂದು ಸಾಲು ಸಿಕ್ಕಿತು. ಎಂಜಿನ್ ಬದಲಾಯಿಸಿಲ್ಲ, ಅದನ್ನೇ ಬೋರ್ ಮಾಡಿಸಿದ್ದಾರೆ (ಸವೆದ ಸಿಲಿಂಡರ್ ಕೊರೆದು ಅಗಲ ಮಾಡಿಸುವುದು) ಅಂತ ನನಗೆ ಧೈರ್ಯ ಬಂದದ್ದು ಆ ಸಾಲಿನಿಂದ. ಆಮೇಲೆ ಹೆಡ್ ಬಿಚ್ಚಿಸಿದಾಗ ಪಿಸ್ಟನ್ ತಲೆ ಮೇಲೆ 40 ಅಂತ ಒತ್ತಿತ್ತು, ಅಂದರೆ 0.040 ಇಂಚು ಹೆಚ್ಚಿನ ಸೈಜು. ಲೆಕ್ಕ ಕೂಡಿತು. ಹಾಗಂತ ನಂಬರ್ ನೋಡುವ ಆಸೆಗೆ ನೀವು ಹೆಡ್ ಬಿಚ್ಚಿಸಬೇಡಿ, ಬೇರೆ ಕಾರಣಕ್ಕೆ ಬಿಚ್ಚಿದಾಗ ನೋಡಿದರೆ ಆಯಿತು.

ಇಷ್ಟೆಲ್ಲ ಯಾಕೆ ಅಂದರೆ ಕಾಗದದ ಕೆಲಸವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಈಗಾಗಲೇ ನೋಂದಣಿ ಇದ್ದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ಎಂವೈ ನಂಬರ್ ಇದ್ದರೆ ದಯವಿಟ್ಟು ಬಿಡಬೇಡಿ. ಆದರೆ ಒಂದು: ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಪೇಟೆಗೆ ಹೋಗಿ ಬರುವ ಆಸೆ ಇದ್ದರೆ ಆ ದಾರಿ ಬೇಡ.

ಕೊನೆಗೆ, ಎಲ್ಲಕ್ಕಿಂತ ಅವಸರದ್ದು. ಹೊಸ ಬ್ಯಾಟರಿ ತಂದು "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಮಾತ್ರ ಹೊರಡಬೇಡಿ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಗಾಡಿಯ ಮೈಗೆ ಅರ್ಥ್ ಮಾಡುವುದು ಸಾಮಾನ್ಯವಾಗಿತ್ತು, ಮಾರಿಸ್ ಆಕ್ಸ್‌ಫರ್ಡಿನಲ್ಲೂ ಹಾಗೇ. ಈಗಿನ ಮೆಕ್ಯಾನಿಕ್‌ಗಳು ಅಭ್ಯಾಸಬಲದಲ್ಲಿ ಮೈನಸ್ಸನ್ನು ಗಾಡಿಯ ಮೈಗೆ ಕೊಡುತ್ತಾರೆ. ನಿಮ್ಮದು ಹೇಗಿತ್ತು, ಮಧ್ಯದಲ್ಲಿ ಯಾರಾದರೂ ಬದಲಾಯಿಸಿದರಾ ಅಂತ ಮೊದಲು ತಿಳಿಯಬೇಕು. ಕಾಯಿಲ್ ನೋಡಿ. ಎರಡು ತುದಿಗೆ ಪ್ಲಸ್, ಮೈನಸ್ ಗುರುತಿನ ಬದಲು ಎಸ್‌ಡಬ್ಲ್ಯೂ, ಸಿಬಿ ಅಂತ ಇಂಗ್ಲಿಷ್ ಅಕ್ಷರ ಇದ್ದರೆ ಅದು ಹಳೆ ಕಾಲದ ಕಾಯಿಲ್. ಬ್ಯಾಟರಿಯಿಂದ ಗಾಡಿಯ ಮೈಗೆ ಬಿಗಿದಿರುವ ಹಳೆ ಪಟ್ಟಿ ಯಾವ ತುದಿಯದ್ದು ಅಂತಲೂ ನೋಡಿ, ದಪ್ಪ ತುದಿಗೆ ಕೂರುವ ಕ್ಲಾಂಪ್ ಪ್ಲಸ್‌ನದ್ದು.

ಮೆಕ್ಯಾನಿಕ್‌ಗೆ ಎರಡು ವಾರ ತಡೆದು ಬನ್ನಿ ಅನ್ನಿ. ಅಷ್ಟರಲ್ಲಿ ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಕಟ್ಟಿ, ಫೋಟೋ ತೆಗೆದಿಡಿ. ಕಾಯಿಲ್, ಕಟೌಟ್, ಡೈನಮೋ ಮೇಲಿನ ಅಂಕಿಗಳ ಫೋಟೋ ಇಲ್ಲೇ ಹಾಕಿ. ಕಾಫಿ ಕುಯ್ಲು ಶುರುವಾಗುವ ಮುಂಚೆ ಹಾಕಿದರೆ ಕೂತು ನೋಡುತ್ತೇನೆ, ಆಮೇಲಾದರೆ ನನಗೂ ಪುರುಸೊತ್ತಿಲ್ಲ, ನಿಮಗೂ ಇರುವುದಿಲ್ಲ ಅಲ್ವಾ.